ದೆ ರೊಸ್ಸಿ ಮತ್ತು ನೆಲದಡಿಯ ರೋಮ್

ರೋಮ್ ನಗರವನ್ನು ನೋಡಹೋದ ಯಾತ್ರಿಕನಿಗೆ ಮಾರ್ಗದರ್ಶಿಗಳು ಮೊದಲು ತೋರಿಸುವುದು ಕೊಲೊಸಿಯಮ್ ರಂಗಮಂಟಪವನ್ನು, ಫೋರಮ್ಮಿನ ಮುರಿದ ಕಂಬಗಳನ್ನು, ಚಕ್ರವರ್ತಿಗಳ ವಿಜಯದ್ವಾರಗಳನ್ನು. ಬಳಿಕ ಊರ ಹೊರಗೆ, ಕ್ರಿ.ಪೂ. 312ರಲ್ಲಿ ಹಾಕಲಾರಂಭಿಸಿದ ಅಪ್ಪಿಯನ್ ಹೆದ್ದಾರಿಯ ಪಕ್ಕದಲ್ಲಿ, ಕಡಿದಾದ ಮೆಟ್ಟಿಲುಗಳನ್ನಿಳಿಸಿ ಮತ್ತೊಂದು ರೋಮನ್ನು ತೋರಿಸುತ್ತಾರೆ. ಅಲ್ಲಿ ಸೂರ್ಯನ ಬೆಳಕಿಲ್ಲ. ಮೆತ್ತನೆಯ ಜ್ವಾಲಾಮುಖಿ ಶಿಲೆಯಲ್ಲಿ ಕೊರೆದ ಇಕ್ಕಟ್ಟಾದ ಓಣಿಗಳು; ಓಣಿಯ ಎರಡು ಗೋಡೆಗಳಲ್ಲಿಯೂ ಒಂದರ ಮೇಲೊಂದರಂತೆ ಶವಗಳನ್ನಿಡುತ್ತಿದ್ದ ಗೂಡುಗಳು. ಇವೇ ಆದಿಕ್ರೈಸ್ತರ ಸಮಾಧಿಸ್ಥಾನಗಳಾದ ಕ್ಯಾಟಕೂಂಬುಗಳು. ಸಂತ ಕಲ್ಲಿಸ್ಟಸನ ಹೆಸರಿನ ಕ್ಯಾಟಕೂಂಬೊಂದರಲ್ಲಿಯೇ ಓಣಿಗಳ ಒಟ್ಟು ಉದ್ದ ಸುಮಾರು 20 ಕಿಲೋಮೀಟರು. ಇಂದು ಯಾತ್ರಿಕನು ಇಲ್ಲಿ ದಾರಿತಪ್ಪದೆ ನಡೆದು, ಇದು ಇಂಥವನ ಸಮಾಧಿ ಎಂದು ತಿಳಿದು ಬರುವುದಕ್ಕೆ ಬಹುಮಟ್ಟಿಗೆ ಕಾರಣನಾದವನು ಜೊವಾನ್ನಿ ಬಾಟಿಸ್ಟಾ ದೆ ರೊಸ್ಸಿ.

ದೆ ರೊಸ್ಸಿ ಹುಟ್ಟಿದುದು ರೋಮಿನಲ್ಲಿಯೇ, 1822ನೆಯ ಇಸವಿ ಫೆಬ್ರವರಿ 23ರಂದು. ಹನ್ನೊಂದು ವರ್ಷದ ಬಾಲಕನಿಗೆ ತಂದೆ ಕೊಟ್ಟ ಉಡುಗೊರೆ ಒಂದು ದಪ್ಪನೆಯ ಹಳೆಯ ಗ್ರಂಥ: ಆಂಟೋನಿಯೊ ಬೋಸಿಯೊ ಬರೆದ ನೆಲದಡಿಯ ರೋಮಿನ ವರ್ಣನೆ. ಈ ಬೋಸಿಯೊ 1593ರಲ್ಲಿ ಮೊದಲ ಸಲ ಕ್ಯಾಟಕೂಂಬಿಗಿಳಿದು, ದಾರಿತಪ್ಪಿ, ಅಲ್ಲಿಯೇ ಸಾಯುವೆನೆಂದು ಹೆದರಿಯೂ ಮತ್ತೆ ಮತ್ತೆ ಇಳಿದ ಸಾಹಸಿ. 1629ರಲ್ಲಿ ಅವನು ತೀರಿಕೊಂಡ ಮೇಲೆ ಪುಸ್ತಕ ಅಚ್ಚಾಯಿತು. ಬೇರೆ ಮಕ್ಕಳು ಆಟಿಕೆಗಳಿಗೆ ಹಂಬಲಿಸುವ ವಯಸ್ಸಿನಲ್ಲಿ ಈ ಹುಡುಗ ಗೋರಿಗಳ ಚಿತ್ರಗಳನ್ನು ನೋಡುತ್ತ ಕುಳಿತನು. ಮುಂದೆ ಕಾಯಿದೆಯನ್ನು ಓದಿ ಪದವಿ ಪಡೆದನಾದರೂ ವಕೀಲಿಯತ್ತ ಮನಸ್ಸು ಹೊರಳಲಿಲ್ಲ. ಜೆಸ್ವಿಟ್ ಪಾದ್ರಿ ಜುಸೆಪ್ಪೆ ಮಾರ್ಕಿ ಎಂಬ ವಿದ್ವಾಂಸನು ಕ್ಯಾಟಕೂಂಬುಗಳಿಗೆ ಹೋಗುವಾಗ ಈ ತರುಣನೂ ಜೊತೆಗೆ ಹೋಗತೊಡಗಿದನು. ವ್ಯಾಟಿಕನ್ ಗ್ರಂಥಾಲಯದಲ್ಲಿ ಲಿಪಿಕಾರನ ಹುದ್ದೆ ದೊರಕಿತು. ಅಲ್ಲಿಯ ಹಸ್ತಪ್ರತಿಗಳೇ ಆತನ ಎರಡನೆಯ ಗುರು.

ಆತನ ಕಾಲಕ್ಕೆ ಕ್ಯಾಟಕೂಂಬುಗಳ ಸ್ಥಿತಿ ಶೋಚನೀಯವಾಗಿತ್ತು. ಎಂಟು ಒಂಬತ್ತನೆಯ ಶತಮಾನಗಳಲ್ಲಿ ಪೋಪರು ಹುತಾತ್ಮರ ಅಸ್ಥಿಗಳನ್ನು ನಗರದೊಳಗಿನ ಚರ್ಚುಗಳಿಗೆ ಸಾಗಿಸಿದರು. ಆಮೇಲೆ ಭಕ್ತರು ಬರುವುದು ನಿಂತಿತು, ಮೆಟ್ಟಿಲುಗಳ ಮೇಲೆ ಮಣ್ಣು ಕುಸಿಯಿತು, ಹೆಸರುಗಳೂ ಮರೆತುಹೋದವು. ಹದಿನಾರನೆಯ ಶತಮಾನದಲ್ಲಿ ಬಾಗಿಲು ಮತ್ತೆ ತೆರೆದ ಮೇಲೆ ಒಳಗಿಳಿದವರಲ್ಲಿ ಅನೇಕರಿಗೆ ಬೇಕಾಗಿದ್ದುದು ಎಲುಬುಗಳು, ಶಾಸನಗಳು. ಗೂಡುಗಳನ್ನು ಒಡೆದು ಸಿಕ್ಕಿದ್ದನ್ನು ಹೊತ್ತೊಯ್ದರು. ಯಾವ ಕಲ್ಲು ಎಲ್ಲಿತ್ತೆಂಬ ಲೆಕ್ಕವೇ ಉಳಿಯಲಿಲ್ಲ. ಭಕ್ತಿಯೂ ಕೆಲವೊಮ್ಮೆ ಸುಲಿಗೆಯಷ್ಟೇ ಹಾನಿ ಮಾಡಬಲ್ಲುದು.

ದೆ ರೊಸ್ಸಿಯ ರೀತಿ ಬೇರೆ. ಏಳನೆಯ ಶತಮಾನದಲ್ಲಿ ರೋಮಿಗೆ ಬಂದ ಯಾತ್ರಿಕರಿಗಾಗಿ ಬರೆದ ದಾರಿಯ ಕೈಪಿಡಿಗಳು ಕೆಲವು ಹಸ್ತಪ್ರತಿಗಳಲ್ಲಿ ಉಳಿದಿದ್ದವು. ಯಾವ ಹೆದ್ದಾರಿಯಲ್ಲಿ, ಯಾವ ಸಂತನ ಸಮಾಧಿ ಯಾವುದರ ಸಮೀಪದಲ್ಲಿದೆ ಎಂಬುದು ಅವುಗಳಲ್ಲಿತ್ತು. ಸಾವಿರದ ಇನ್ನೂರು ವರ್ಷಗಳ ಹಿಂದಿನ ಆ ಮಾರ್ಗದರ್ಶಿಗಳನ್ನು ಕೈಯಲ್ಲಿ ಹಿಡಿದು ಆತನು ಹೊರಟನು. ಮತ್ತೊಂದು ಸೂಕ್ಷ್ಮವೂ ಆತನಿಗೆ ಹೊಳೆದಿತ್ತು. ನಾಲ್ಕನೆಯ ಶತಮಾನದಲ್ಲಿ ಪೋಪ್ ದಮಾಸಸನು ಹುತಾತ್ಮರ ಗೋರಿಗಳ ಬಳಿ ಯಾತ್ರಿಕರ ಅನುಕೂಲಕ್ಕಾಗಿ ಮೆಟ್ಟಿಲು, ಗಾಳಿಬೆಳಕಿನ ಕಂಡಿಗಳನ್ನು ಮಾಡಿಸಿ, ಪದ್ಯಶಾಸನಗಳನ್ನು ಹಾಕಿಸಿದ್ದನು. ಆದುದರಿಂದ ಅಗಲವಾದ ಮೆಟ್ಟಿಲು, ದುರಸ್ತಿಯ ಇಟ್ಟಿಗೆ ಗೋಡೆ, ಯಾತ್ರಿಕರು ಗೀಚಿದ ಹೆಸರುಗಳು ಕಂಡರೆ, ಪೂಜ್ಯವಾದ ಸಮಾಧಿ ಹತ್ತಿರದಲ್ಲಿಯೇ ಇರಬೇಕು. ಊಹೆ ಸರಳವೇ, ಆದರೆ ಮುನ್ನೂರು ವರ್ಷ ಅದನ್ನು ಇಷ್ಟು ಕ್ರಮವಾಗಿ ಬಳಸಿಕೊಂಡವರಿರಲಿಲ್ಲ.

1849ರಲ್ಲಿ ಅಪ್ಪಿಯನ್ ಹೆದ್ದಾರಿಯ ಪಕ್ಕದ ಒಂದು ದ್ರಾಕ್ಷಿತೋಟದಲ್ಲಿ ಆತನಿಗೆ ಒಡೆದ ಅಮೃತಶಿಲೆಯ ಚಪ್ಪಡಿಯೊಂದು ಸಿಕ್ಕಿತು. ಒಂದು ಹೆಸರಿನ ಕೊನೆಯಕ್ಷರಗಳು — ನೇಲಿಯುಸ್ — ಮತ್ತು ಹುತಾತ್ಮ ಎಂಬರ್ಥದ ಲ್ಯಾಟಿನ್ ಶಬ್ದ, ಇಷ್ಟೇ ಅದರಲ್ಲಿದ್ದುವು. ಇದು 253ರಲ್ಲಿ ದೇಶಭ್ರಷ್ಟನಾಗಿ ಮಡಿದ ಪೋಪ್ ಕೊರ್ನೇಲಿಯಸನ ಗೋರಿಕಲ್ಲು ಎಂದು ಆತನು ತೀರ್ಮಾನಿಸಿದನು. ಕೊರ್ನೇಲಿಯಸನ ಸಮಾಧಿ ಕಲ್ಲಿಸ್ಟಸನ ಸಮಾಧಿಭೂಮಿಯ ಬಳಿ ಎಂದು ಕೈಪಿಡಿಗಳು ಹೇಳುತ್ತಿದ್ದವು. ಹಾಗಾದರೆ ಮೂರನೆಯ ಶತಮಾನದ ಪೋಪರನ್ನು ಹೂಳಿದ ಕಲ್ಲಿಸ್ಟಸನ ಕ್ಯಾಟಕೂಂಬು, ಎಲ್ಲರೂ ನಂಬಿದ್ದಂತೆ ಸಂತ ಸೆಬಾಸ್ಟಿಯನ್ ಚರ್ಚಿನ ಕೆಳಗಿಲ್ಲ. ಈ ತೋಟದ ಕೆಳಗಿದೆ! ಇಪ್ಪತ್ತೇಳು ವರ್ಷದ ತರುಣನೊಬ್ಬ ಶತಮಾನಗಳ ನಂಬಿಕೆಯನ್ನು ಮುರಿದ ಕಲ್ಲೊಂದರ ಆಧಾರದ ಮೇಲೆ ಅಲ್ಲಗಳೆದಂತಾಯಿತು.

ಪೋಪ್ ಒಂಬತ್ತನೆಯ ಪಿಯುಸ್ ಆಗ ರೋಮಿನ ಕ್ರಾಂತಿಯ ದೆಸೆಯಿಂದ ಗಯೇಟಾದಲ್ಲಿದ್ದನು; ಹಿಂದಿರುಗಿದುದು 1850ರಲ್ಲಿ. ತೋಟವನ್ನು ಕೊಳ್ಳಬೇಕೆಂದು ದೆ ರೊಸ್ಸಿ ಬಿನ್ನವಿಸಿದಾಗ ಪೋಪನು ಇದು ಪುರಾತತ್ತ್ವಜ್ಞನ ಕನಸೆಂದು ನಕ್ಕನೆಂದು ಪ್ರತೀತಿ. ನಕ್ಕರೂ ತೋಟವನ್ನು ಕೊಂಡನು. 1852ರಲ್ಲಿ ಅಗೆತದವರು ಕೊರ್ನೇಲಿಯಸನ ಸಮಾಧಿಯನ್ನು ತಲುಪಿದರು. ಅಲ್ಲಿ ಚಪ್ಪಡಿಯ ಇನ್ನರ್ಧ ಬಿದ್ದಿತ್ತು. ಎರಡು ತುಂಡುಗಳೂ ಒಂದಕ್ಕೊಂದು ಕೂಡಿಕೊಂಡವು. 1854ರಲ್ಲಿ ಪೋಪರ ಸಮಾಧಿಕೋಣೆಯೇ ಬೆಳಕಿಗೆ ಬಂದಿತು. ಅಂಟೆರಸ್, ಫಾಬಿಯನ್, ಲೂಸಿಯಸ್, ಯುಟಿಕಿಯನ್ ಎಂಬ ನಾಲ್ವರ ಹೆಸರುಗಳು ಗ್ರೀಕ್ ಅಕ್ಷರಗಳಲ್ಲಿ ಸಿಕ್ಕಿದವು. ನೂರಕ್ಕೂ ಹೆಚ್ಚು ಚೂರುಗಳಾಗಿದ್ದ ದಮಾಸಸನ ಶಾಸನವನ್ನು ದೆ ರೊಸ್ಸಿ ಜೋಡಿಸಿ ಓದಿದನು. ಅದೇ ವರ್ಷ ಪೋಪನು ತಾನೇ ಇಳಿದು ಬಂದು, ಪೂರ್ವಿಕರ ಗೋರಿಕಲ್ಲುಗಳನ್ನು ಕೈಯಿಂದ ಮುಟ್ಟಿ ಕಣ್ಣೀರು ಸುರಿಸಿದನಂತೆ.

ಇಲ್ಲಿ ಆತನ ತಮ್ಮ ಮಿಕೇಲೆ ಸ್ಟೆಫಾನೊನನ್ನು ಮರೆಯಲಾಗದು. ಭೂಗರ್ಭಶಾಸ್ತ್ರಜ್ಞನಾದ ಈತನು ಓಣಿಗಳನ್ನು ಅಳೆಯಲು ಒಂದು ಯಂತ್ರವನ್ನೇ ಕಲ್ಪಿಸಿ ನಕಾಶೆಗಳನ್ನು ತಯಾರಿಸಿದನು. ಭೂಕಂಪದ ತೀವ್ರತೆಯನ್ನಳೆಯುವ ರೊಸ್ಸಿ–ಫೊರೆಲ್ ಮಾನದಲ್ಲಿರುವ ರೊಸ್ಸಿ ಈತನೇ ಎಂಬುದನ್ನು ನಮ್ಮ ವಿಜ್ಞಾನದ ಮಿತ್ರರು ಗಮನಿಸಬಹುದು. ನೆಲದಡಿಯ ರೋಮಿನ ಮೇಲೆ ದೆ ರೊಸ್ಸಿಯ ಮೂರು ಬೃಹತ್ ಸಂಪುಟಗಳು 1864, 1867 ಮತ್ತು 1877ರಲ್ಲಿ ಹೊರಬಿದ್ದವು. 1863ರಿಂದ ಆತನು ನಡೆಸಿದ ಪತ್ರಿಕೆ ಬೇರೆ. ಜರ್ಮನ್ ಪಂಡಿತ ಮೊಮ್ಸೆನ್ನನ ಲ್ಯಾಟಿನ್ ಶಾಸನಸಂಗ್ರಹಕ್ಕೆ ಮಾಡಿದ ಸಹಾಯ ಬೇರೆ. ಇಷ್ಟಾದರೂ ಯಾತ್ರಿಕರನ್ನು ಕ್ಯಾಟಕೂಂಬಿಗೆ ಕರೆದೊಯ್ದು ದೀಪ ಹಿಡಿದು ವಿವರಿಸುವುದೆಂದರೆ ಆತನಿಗೆ ಪರಮಪ್ರೀತಿ.

ಆತನು ಹೇಳಿದ್ದೆಲ್ಲವೂ ನಿಂತಿಲ್ಲ. ಕೆಲವು ಭಾಗಗಳನ್ನು ಅಪೊಸ್ತಲರ ಕಾಲದವೆಂದು ಎಣಿಸಿದನು. ಈಗಿನ ವಿದ್ವಾಂಸರು ಅವನ್ನು ಎರಡನೆಯ ಶತಮಾನದ ಕೊನೆಗೆ ಇಲ್ಲವೆ ಇನ್ನೂ ಈಚೆಗೆ ತರುತ್ತಾರೆ. ಕ್ರೈಸ್ತರು ಶವಸಂಸ್ಕಾರ ಸಂಘಗಳ ರೂಪದಲ್ಲಿ ಕಾಯಿದೆಯ ರಕ್ಷಣೆ ಪಡೆದಿದ್ದರೆಂಬ ಆತನ ವಾದವನ್ನು ಆತನ ಸಹಕಾರಿಯಾಗಿದ್ದ ಫ್ರೆಂಚ್ ಪಂಡಿತ ದುಷೇನನೇ ಒಪ್ಪಲಿಲ್ಲ. ಆದರೆ ಕಲ್ಲುಗಳನ್ನು ಸಿಕ್ಕಿದ ಸ್ಥಳದಲ್ಲಿಯೇ ಬಿಟ್ಟು, ಗುರುತುಹಾಕಿ, ನಕಾಶೆ ಬರೆದಿದ್ದರಿಂದಲೇ ಆತನ ತಪ್ಪುಗಳನ್ನು ತಿದ್ದುವುದು ಇತರರಿಗೆ ಸಾಧ್ಯವಾಯಿತು. ಪಂಡಿತನೊಬ್ಬನಿಗೆ ಇದಕ್ಕಿಂತ ದೊಡ್ಡ ಗೌರವ ಉಂಟೆಂದು ನನಗೆ ತೋರದು.

ಎಪ್ಪತ್ತು ತುಂಬಿದ 1892ರಲ್ಲಿ ಸ್ನೇಹಿತರು ಕಲ್ಲಿಸ್ಟಸನ ಕ್ಯಾಟಕೂಂಬಿನ ಮೇಲಿನ ಪ್ರಾಚೀನ ಕಟ್ಟಡದಲ್ಲಿ ಆತನ ಅಮೃತಶಿಲೆಯ ಪ್ರತಿಮೆಯನ್ನಿಟ್ಟರು. ಮರುವರ್ಷ ಪಾರ್ಶ್ವವಾಯು ಬಡಿಯಿತು. 1894ನೆಯ ಸೆಪ್ಟೆಂಬರ್ 20ರಂದು ಕಾಸ್ಟೆಲ್ ಗಂಡೋಲ್ಫೊದಲ್ಲಿ ಆತನು ತೀರಿಕೊಂಡನು. ಪೋಪರ ಸಮಾಧಿಕೋಣೆಯಲ್ಲಿ ಇದ್ದಿರಬೇಕಾದ ಪೊಂಟಿಯನ್ನನ ಗೋರಿಕಲ್ಲು ಆತನ ಜೀವಿತದಲ್ಲಿ ಸಿಕ್ಕಿರಲಿಲ್ಲ. ಹದಿನೈದು ವರ್ಷಗಳ ಮೇಲೆ, 1909ರಲ್ಲಿ, ಅದೂ ಅಲ್ಲಿಯ ಮಣ್ಣಿನಲ್ಲಿಯೇ ದೊರಕಿತು.