ದಾರಿಹೋಕರಿಗೆ ಸೂರು ಕೊಟ್ಟ ವರ್ತಕ ಗುಬ್ಬಿ ತೋಟದಪ್ಪ

ರಾಜಾಜಿನಗರದಲ್ಲೋ ವಿಜಯನಗರದಲ್ಲೋ ಒಂದು ಮದುವೆ ಗೊತ್ತಾಯಿತೆಂದರೆ, ಕಲ್ಯಾಣ ಮಂಟಪ ಸಿಕ್ಕ ಮೇಲೆ ಏಳುವ ಮುಂದಿನ ಪ್ರಶ್ನೆ ಊರಿನಿಂದ ಬರುವ ನೆಂಟರನ್ನು ಎಲ್ಲಿ ಇಳಿಸುವುದೆಂಬುದು. ಐದಾರು ಕೋಣೆಗಳನ್ನು ಒಟ್ಟಿಗೆ ಹಿಡಿದರೆ ಬಾಡಿಗೆಯಲ್ಲಿ ಎಷ್ಟು ಬಿಡುತ್ತೀರಿ ಎಂದು ಹೋಟೆಲಿನವರೊಡನೆ ಚೌಕಾಸಿ ಮಾಡುವುದು ಇಂದು ಪ್ರತಿ ಕುಟುಂಬಕ್ಕೂ ಪರಿಚಿತವಾದ ಕೆಲಸ. ಈ ಬಡಾವಣೆಗಳು ಹುಟ್ಟುವುದಕ್ಕೂ ಎಷ್ಟೋ ವರ್ಷಗಳ ಮೊದಲು, ಇದೇ ಪ್ರಶ್ನೆಯನ್ನು ನಗರಕ್ಕೆ ಬಂದಿಳಿಯುವ ಸಮಸ್ತರ ಪರವಾಗಿ ಕೇಳಿಕೊಂಡು, ತಮ್ಮ ಆಸ್ತಿಯನ್ನೇ ಉತ್ತರವಾಗಿ ಕೊಟ್ಟವರು ರಾವ್ ಬಹದ್ದೂರ್ ಧರ್ಮಪ್ರವರ್ತ ಗುಬ್ಬಿ ತೋಟದಪ್ಪನವರು.

ಮಾಮೂಲುಪೇಟೆಯ ವ್ಯಾಪಾರಿ

ತೋಟದಪ್ಪನವರು 1838ರಲ್ಲಿ ತುಮಕೂರು ಸೀಮೆಯ ಗುಬ್ಬಿಯಲ್ಲಿ ಲಿಂಗಾಯತ ಕುಟುಂಬವೊಂದರಲ್ಲಿ ಜನಿಸಿದರು. ಕುಟುಂಬವು ಬೆಂಗಳೂರಿಗೆ ಬಂದು ಮಾಮೂಲುಪೇಟೆಯಲ್ಲಿ ವ್ಯಾಪಾರಕ್ಕೆ ತೊಡಗಿತು. ಹಳೆಯ ಪೇಟೆಯ ಇಕ್ಕಟ್ಟಾದ ಬೀದಿಗಳಲ್ಲಿ ದುಡಿದು ತೋಟದಪ್ಪನವರು ಸಿರಿವಂತರಾದರು. ಆದರೆ ಅವರಿಗೆ ಮಕ್ಕಳಿರಲಿಲ್ಲ. ಸಂಪಾದಿಸಿದ್ದನ್ನು ಯಾರ ಕೈಗೆ ಒಪ್ಪಿಸುವುದು ಎಂಬ ಪ್ರಶ್ನೆ ಅಂದಿನ ಯಾವುದೇ ವರ್ತಕ ಮನೆತನಕ್ಕೆ ಸಣ್ಣದಾಗಿರಲಿಲ್ಲ. ಜನರೇ ತಮ್ಮ ವಾರಸುದಾರರು ಎಂಬ ತೀರ್ಮಾನಕ್ಕೆ ಅವರು ಬಂದರು.

ಆ ಹೊತ್ತಿಗೆ ಬೆಂಗಳೂರು ಬದಲಾಗುತ್ತಿತ್ತು. 1880ರ ದಶಕದಲ್ಲಿ ಕೆಂಗೇರಿಯ ಮಾರ್ಗವಾಗಿ ಮೈಸೂರಿಗೂ, ಇನ್ನೊಂದು ದಿಕ್ಕಿನಲ್ಲಿ ತುಮಕೂರು, ಗುಬ್ಬಿ, ತಿಪಟೂರುಗಳ ಕಡೆಗೂ ರೈಲು ಓಡತೊಡಗಿತು. ಗಾಡಿ ಕಟ್ಟಿಕೊಂಡು ದಿನಗಟ್ಟಲೆ ಸಾಗುತ್ತಿದ್ದವರು ಈಗ ಕೆಲವೇ ಗಂಟೆಗಳಲ್ಲಿ ನಗರಕ್ಕೆ ಬಂದಿಳಿಯುತ್ತಿದ್ದರು. ವ್ಯಾಪಾರಕ್ಕೆ, ಕೋರ್ಟು ಕಚೇರಿಗೆ, ಆಸ್ಪತ್ರೆಗೆ, ಮಕ್ಕಳ ಓದಿಗೆ ಜನ ಬರುವುದು ಹೆಚ್ಚಿತು. ನಿಲ್ದಾಣದಿಂದ ಹೊರಬಿದ್ದರೆ ಎದುರಿಗೆ ಧರ್ಮಾಂಬುಧಿ ಕೆರೆ, ಅದರಾಚೆಗೆ ಪೇಟೆ. ಹೆಂಡತಿ ಮಕ್ಕಳು, ಮುದುಕರು, ಗಂಟುಮೂಟೆಗಳೊಂದಿಗೆ ಕತ್ತಲಾದ ಮೇಲೆ ಇಳಿದ ಸಂಸಾರಸ್ಥನಿಗೆ ನಗರದಲ್ಲಿ ಗುರುತಿನವರಿಲ್ಲದಿದ್ದರೆ ತಂಗುವ ದಾರಿ ಸುಲಭವಾಗಿರಲಿಲ್ಲ. 1887ರಲ್ಲಿ ಆರಂಭವಾದ ವೆಸ್ಟ್ ಎಂಡ್‌ನಂತಹ ಹೋಟೆಲುಗಳು ಯುರೋಪಿಯನ್ನರಿಗಾಗಿ ಇದ್ದವೇ ಹೊರತು ಹಳ್ಳಿಯ ಕುಟುಂಬಕ್ಕೆ ಎಟುಕುವಂತಿರಲಿಲ್ಲ.

ನಿಲ್ದಾಣದ ಮಗ್ಗುಲಲ್ಲೇ ಜಾಗ

ಯಾತ್ರಿಕರಿಗೆ ಛತ್ರ ಕಟ್ಟಿಸುವುದು ಕನ್ನಡ ನಾಡಿನಲ್ಲಿ ಹಳೆಯ ಪದ್ಧತಿ. ದೇವಸ್ಥಾನದ ಪಕ್ಕದಲ್ಲಿ, ಹೆದ್ದಾರಿಯ ಬದಿಯಲ್ಲಿ ಕಟ್ಟಿಸಿದವರು ಅನೇಕರು. ತೋಟದಪ್ಪನವರ ಜಾಣ್ಮೆ ಇದ್ದುದು ಸ್ಥಳದ ಆಯ್ಕೆಯಲ್ಲಿ. ಗಿರಾಕಿ ನಡೆದಾಡುವ ಕಡೆ ಅಂಗಡಿ ಇರಬೇಕೆಂಬುದು ವ್ಯಾಪಾರಿಗೆ ತಿಳಿದ ಮಾತು. ಇನ್ನು ಮುಂದೆ ಜನ ರೈಲಿನಲ್ಲಿಯೇ ಬರುತ್ತಾರೆಂಬುದನ್ನು ಕಂಡುಕೊಂಡ ಅವರು, 1897ರಲ್ಲಿ ನಿಲ್ದಾಣದ ಸಮೀಪದಲ್ಲೇ ಸುಮಾರು ಎರಡೂವರೆ ಎಕರೆ ಜಾಗವನ್ನು ರೈಲ್ವೆಯವರಿಂದ ಖರೀದಿಸಿದರು.

ಮರುವರ್ಷವೇ ಬೆಂಗಳೂರಿಗೆ ಪ್ಲೇಗು ಹೊಕ್ಕಿತು. ಪೇಟೆಯ ಮನೆಗಳು ಬರಿದಾದವು, ವ್ಯಾಪಾರ ನೆಲಕಚ್ಚಿತು. ಅಂತಹ ಕಷ್ಟಕಾಲವನ್ನೂ ದಾಟಿ ಛತ್ರದ ಕಾರ್ಯ ಮುಗಿಯಿತು. 1903ರ ಫೆಬ್ರುವರಿ 11ರಂದು ಮೈಸೂರಿನ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು ಧರ್ಮಛತ್ರವನ್ನು ಉದ್ಘಾಟಿಸಿದರು. ಯುವ ಮಹಾರಾಜರು ಪೂರ್ಣಾಧಿಕಾರ ವಹಿಸಿಕೊಂಡು ಆಗಿನ್ನೂ ಆರು ತಿಂಗಳು. ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿನ ಬೀದಿಗಳನ್ನು ಬೆಳಗಲು ಇನ್ನೂ ಎರಡು ವರ್ಷ ಬೇಕಿತ್ತು.

ಪ್ರವಾಸಿಗರಿಗೆ ಛತ್ರವಾದರೆ, ಪರಸ್ಥಳದಿಂದ ಓದಲು ಬಂದ ಹುಡುಗರಿಗೆ ಉಚಿತ ವಿದ್ಯಾರ್ಥಿನಿಲಯ. ಜಿಲ್ಲೆಯ ಹುಡುಗ ಹೈಸ್ಕೂಲು ಮುಗಿಸಿ ಸೆಂಟ್ರಲ್ ಕಾಲೇಜಿಗೆ ಸೇರಬೇಕೆಂದರೆ ಇರಲು ನೆಲೆಯಿಲ್ಲದೆ ಓದನ್ನೇ ಬಿಡಬೇಕಾದ ಕಾಲ ಅದು. ತಂಗುವ ಖರ್ಚು ಉಳಿದರೆ ಓದು ಉಳಿಯುತ್ತದೆ ಎಂಬುದು ಈ ಯೋಜನೆಯ ತಿರುಳಾಗಿತ್ತು.

ರಿಯಾಯಿತಿಯ ಲೆಕ್ಕ

ಇಂದು ಹೋಟೆಲುಗಳು ಕೊಡುವ ರಿಯಾಯಿತಿಗೂ ಛತ್ರದ ಔದಾರ್ಯಕ್ಕೂ ಇರುವ ಅಂತರವನ್ನು ತಿಳಿದರೆ ತೋಟದಪ್ಪನವರ ಕೆಲಸದ ತೂಕ ಅರಿವಾಗುತ್ತದೆ. ರಾತ್ರಿ ಖಾಲಿ ಉಳಿದ ಕೋಣೆಯಿಂದ ಮಾಲೀಕನಿಗೆ ಬಿಡಿಗಾಸೂ ಹುಟ್ಟದು. ಆದಕಾರಣ ಒಂದೇ ಕುಟುಂಬ ಹಲವು ಕೋಣೆ ಹಿಡಿದರೆ ದರದಲ್ಲಿ ಕೊಂಚ ಇಳಿಸುವುದು ಅವನಿಗೆ ಲಾಭ. ಮದುವೆಯ ಸೀಜನ್ನಿನಲ್ಲಿ ಕೋಣೆಗಳು ತಾವಾಗಿಯೇ ತುಂಬುವುದರಿಂದ ಆ ರಿಯಾಯಿತಿ ಕರಗಿಹೋಗುತ್ತದೆ. ಕೋಣೆಯ ದರ ಸಾಮಾನ್ಯವಾಗಿ ಇಬ್ಬರಿಗೆ ಮಾತ್ರ ಇರುವುದರಿಂದ, ಹೆಚ್ಚುವರಿ ಹಾಸಿಗೆ, ಮಕ್ಕಳ ಶುಲ್ಕ, ತಿಂಡಿ ಸೇರಿದ ಒಟ್ಟು ಮೊತ್ತವನ್ನು ಕೇಳಿಯೇ ಹೋಲಿಸುವುದು ಕ್ಷೇಮ. ತೆರಿಗೆಯ ದರವೂ ಒಟ್ಟು ಬಿಲ್ಲಿನ ಮೇಲೆ ನಿರ್ಧಾರವಾಗುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ದರದಂತೆ, ಒಂದು ಕೋಣೆಗೆ ದಿನಕ್ಕೆ 7,500 ರೂಪಾಯಿವರೆಗೆ ಶೇ. 5, ಅದನ್ನು ಮೀರಿದರೆ ಶೇ. 18. ತಲಾ 3,000 ರೂಪಾಯಿಯ ಐದು ಕೋಣೆ ಹಿಡಿದು ಒಟ್ಟು 15,000 ರೂಪಾಯಿ ಆದರೂ ತೆರಿಗೆ ಶೇ. 5 ಮಾತ್ರ.

ಒಟ್ಟಿನಲ್ಲಿ ಯಾವ ರಿಯಾಯಿತಿಯನ್ನೂ ಯಾರೋ ಒಬ್ಬರು ಭರಿಸಲೇಬೇಕು. ಹೋಟೆಲಿನಲ್ಲಿ ಅದನ್ನು ತುಂಬುವುದು ಖಾಲಿ ಕೋಣೆಯ ಲೆಕ್ಕಾಚಾರ. ಛತ್ರದಲ್ಲಿ ಅದನ್ನು ಮುಂಗಡವಾಗಿಯೇ ತುಂಬಿಟ್ಟವರು ತೋಟದಪ್ಪನವರು.

ದಾನಕ್ಕೊಂದು ಕಟ್ಟುಪಾಡು

ಕಟ್ಟಡ ಕಟ್ಟಿಸಿ ಕೈತೊಳೆದುಕೊಂಡ ದಾನಿಗಳು ತೀರಿಕೊಂಡ ಮೇಲೆ ಛತ್ರಗಳು ಪಾಳು ಬಿದ್ದ ನಿದರ್ಶನಗಳು ನಾಡಿನಲ್ಲಿ ಸಾಕಷ್ಟಿವೆ. ಮಾಡು ಸೋರಿದಾಗ ಹೊದಿಸುವವರು, ಲೆಕ್ಕ ಬರೆಯುವವರು, ಅಡ್ಡದಾರಿ ಹಿಡಿದವರನ್ನು ಕೇಳುವವರು ಇಲ್ಲದಿದ್ದರೆ ದಾನ ಒಂದು ತಲೆಮಾರಿಗೆ ಮುಗಿದುಹೋಗುತ್ತದೆ. ತೋಟದಪ್ಪನವರು ತಮ್ಮ ಕೊನೆಯ ದಿನಗಳಲ್ಲಿ ಸಮಸ್ತ ಆಸ್ತಿಯನ್ನು ಧರ್ಮಸಂಸ್ಥೆಗೆ ಬರೆದುಕೊಟ್ಟು, ಅದರ ಆಡಳಿತವನ್ನು ಟ್ರಸ್ಟ್ ಒಂದಕ್ಕೆ ಒಪ್ಪಿಸಿದರು. ಅದರ ಮೊದಲ ಅಧ್ಯಕ್ಷರಾದವರು ಕೆ.ಪಿ. ಪುಟ್ಟಣ್ಣಚೆಟ್ಟಿ. ಮುಂದೆ ಬೆಂಗಳೂರು ಪುರಸಭೆಯ ಅಧ್ಯಕ್ಷರಾಗಿ ಹೆಸರು ಮಾಡಿದ ಅವರ ಹೆಸರನ್ನೇ ನಗರದ ಪುರಭವನ ಹೊತ್ತಿದೆ. ರಕ್ತಸಂಬಂಧಿಗಳನ್ನು ಅವಲಂಬಿಸದೆ, ಆಡಳಿತ ಬಲ್ಲ ಸಾರ್ವಜನಿಕ ವ್ಯಕ್ತಿಯ ಕೈಗೆ ಜವಾಬ್ದಾರಿ ಒಪ್ಪಿಸಿದ ಈ ಏರ್ಪಾಡೇ ಸಂಸ್ಥೆಯನ್ನು ಉಳಿಸಿತು.

ಮಹಾರಾಜರು ಅವರಿಗೆ ಧರ್ಮಪ್ರವರ್ತ ಎಂಬ ಬಿರುದನ್ನಿತ್ತರೆ, ಬ್ರಿಟಿಷ್ ಸರ್ಕಾರ ರಾವ್ ಬಹದ್ದೂರ್ ಪದವಿಯನ್ನು ನೀಡಿತು. 1910ರಲ್ಲಿ, ತಮ್ಮ 72ನೆಯ ವಯಸ್ಸಿನಲ್ಲಿ ತೋಟದಪ್ಪನವರು ನಿಧನರಾದರು.

ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ. ಅದರ ನೆಲದಡಿಯಲ್ಲಿ ಕೆಂಗೇರಿ, ವಿಜಯನಗರ, ರಾಜಾಜಿನಗರಗಳ ಕಡೆಗೆ ಮೆಟ್ರೋ ರೈಲುಗಳು ಓಡುತ್ತವೆ. ಸುತ್ತಮುತ್ತ ಲಾಡ್ಜುಗಳು ಸಾಲುಗಟ್ಟಿವೆ. ಅವುಗಳ ನಡುವೆ ಹಾದುಹೋಗುವ ಗುಬ್ಬಿ ತೋಟದಪ್ಪ ರಸ್ತೆಯ ಹೆಸರನ್ನು ವಿಳಾಸವಾಗಿ ಬರೆಯುವವರು ಲಕ್ಷಾಂತರ ಮಂದಿ. ಅದು ಬೆಂಗಳೂರಿಗೆ ಬಂದವರಿಂದ ಬಾಡಿಗೆ ಕೇಳದೆ ಸೂರು ಕೊಟ್ಟವರೊಬ್ಬರ ಹೆಸರೆಂಬುದು ಅವರಿಗೂ ತಿಳಿದಿರಬೇಕು.