ಆನಂದ ಶ್ರಾವಕನು ಎಳೆದ ಗೆರೆ

ಭಗವಾನ್ ಮಹಾವೀರರ ಕಾಲದಲ್ಲಿ, ವೈಶಾಲಿಯ ಸಮೀಪದ ವಾಣಿಜ್ಯಗ್ರಾಮದಲ್ಲಿ ಆನಂದನೆಂಬ ಗೃಹಪತಿಯಿದ್ದನು. 10 ಮಂದಿ ಶ್ರಾವಕರ ಚರಿತ್ರೆಯನ್ನು ಹೇಳುವ ಉಪಾಸಕದಶಾಂಗವು ಆರಂಭವಾಗುವುದೇ ಇವನಿಂದ. ಅವನ ಸಿರಿಯನ್ನು ಆಗಮವು ಲೆಕ್ಕವಿಟ್ಟೇ ಹೇಳುತ್ತದೆ. 4 ಕೋಟಿ ಹೊನ್ನು ನಿಧಿಯಲ್ಲಿ, 4 ಕೋಟಿ ಬಡ್ಡಿ-ವ್ಯಾಪಾರದಲ್ಲಿ, 4 ಕೋಟಿ ಮನೆ ಹಾಗೂ ಪರಿಕರಗಳಲ್ಲಿ. ಜೊತೆಗೆ 10,000 ಗೋವುಗಳಂತೆ 4 ಹಿಂಡು.

ಒಮ್ಮೆ ಭಗವಂತರು ದೂತಿಪಲಾಶ ಚೈತ್ಯಕ್ಕೆ ದಯಮಾಡಿಸಿದರು. ಆನಂದನು ಕಾಲ್ನಡಿಗೆಯಲ್ಲಿ ಹೋಗಿ ಉಪದೇಶವನ್ನಾಲಿಸಿದನು. ಮನೆಮಠ ತೊರೆದು ಮುನಿಯಾಗುವಷ್ಟು ಶಕ್ತಿ ತನಗಿಲ್ಲವೆಂದು ಮರೆಮಾಚದೆ ನಿವೇದಿಸಿಕೊಂಡು, ಶ್ರಾವಕನ 12 ವ್ರತಗಳನ್ನು ಸ್ವೀಕರಿಸಿದನು.

ಇವುಗಳಲ್ಲಿ ಇಚ್ಛಾಪರಿಮಾಣವೇ ಅವನಂಥ ವರ್ತಕನಿಗೆ ನಿಜವಾದ ಒರೆಗಲ್ಲು. ಆ ದಿನ ಅವನು ಭಂಡಾರವನ್ನು ಬರಿದುಮಾಡಲಿಲ್ಲ. ಇದ್ದ 12 ಕೋಟಿಯನ್ನು ಇದ್ದಂತೆಯೇ ಉಳಿಸಿಕೊಂಡು, ಅದರಾಚೆಗಿನದೆಲ್ಲವನ್ನೂ ತ್ಯಜಿಸಿದನು. ಇದೇನು ಮಹಾತ್ಯಾಗವೆಂದು ಯಾರಿಗಾದರೂ ಅನ್ನಿಸಬಹುದು. ಆದರೆ ಬಡ್ಡಿಗೆ ಬಿಟ್ಟ ಹೊನ್ನಿನ ಸ್ವಭಾವವೇ ಬೆಳೆಯುವುದು. ಆ ಬೆಳವಣಿಗೆಯ ಮೇಲಿನ ಹಕ್ಕನ್ನೇ ಅವನು ಬಿಟ್ಟುಕೊಟ್ಟನು. ನೇಗಿಲು 500, ಬಂಡಿಗಳಲ್ಲಿ ಪ್ರಯಾಣಕ್ಕೆ 500, ಸರಕಿಗೆ 500, ದೋಣಿಗಳಲ್ಲಿ ಅದಕ್ಕೆ 4, ಇದಕ್ಕೆ 4. ಅಲ್ಲಿಗೆ ಮುಗಿಯಿತು.

ಹಣವನ್ನು ಎಲ್ಲಿ ತೊಡಗಿಸಬಾರದೆಂಬುದಕ್ಕೂ ಕಟ್ಟಳೆಯಿತ್ತು. ಶ್ರಾವಕನು ಅರಿತು ದೂರವಿಡಬೇಕಾದ 15 ಕರ್ಮಾದಾನಗಳನ್ನು ಭಗವಂತರು ಅವನಿಗೆ ತಿಳಿಸಿದರು. ಕಾಡು ಕಡಿಸುವುದು, ಇದ್ದಿಲು ಸುಡಿಸುವುದು, ದಂತ ಮತ್ತು ವಿಷದ ವ್ಯಾಪಾರ, ಕಾಡಿಗೆ ಕಿಚ್ಚಿಡುವುದು, ಕೆರೆಸರೋವರಗಳನ್ನು ಬತ್ತಿಸುವುದು ಅವುಗಳಲ್ಲಿ ಸೇರಿವೆ. ಇವೆಲ್ಲ ಲಾಭ ತರುವ ಕಸುಬುಗಳೇ. ಜೀವಹಿಂಸೆಯ ಕಾರಣದಿಂದ ವರ್ಜ್ಯವಾದವು.

ದಿನನಿತ್ಯದ ಭೋಗಕ್ಕೂ ಅವನು ಮಿತಿ ಹಾಕಿಕೊಂಡನು. ಹಲ್ಲುಜ್ಜಲು ಹಸಿ ಅತಿಮಧುರದ ಕಡ್ಡಿ, ಸ್ನಾನಕ್ಕೆ 8 ಕೊಡ ನೀರು, ಉಡಲು ಹತ್ತಿಯ ಒಂದು ಜೊತೆ ವಸ್ತ್ರ, ಕುಡಿಯಲು ಮಳೆಯ ನೀರು. ಕಿವಿಯ ಕುಂಡಲ ಮತ್ತು ಹೆಸರು ಕೆತ್ತಿದ ಉಂಗುರ ಮಾತ್ರ ಉಳಿದವು. ಮನೆಗೆ ಬಂದು ಪತ್ನಿ ಶಿವಾನಂದೆಗೆ ವಿಷಯ ತಿಳಿಸಿದನು. ಆಕೆಯೂ ಹೋಗಿ ವ್ರತ ಸ್ವೀಕರಿಸಿದಳು.

ಹೀಗೆ 14 ವರ್ಷ ಕಳೆದವು. 15ನೆಯ ವರ್ಷದಲ್ಲಿ ಬಂಧುಮಿತ್ರರನ್ನು ಊಟಕ್ಕೆ ಕರೆದು, ಅವರೆದುರಿಗೇ ಹಿರಿಯ ಮಗನಿಗೆ ಮನೆಯ ಭಾರವನ್ನು ವಹಿಸಿ, ಕೊಲ್ಲಾಗ ಸನ್ನಿವೇಶದ ಪೌಷಧಶಾಲೆಯನ್ನು ಸೇರಿದನು. ಅಲ್ಲಿ 11 ಪ್ರತಿಮೆಗಳನ್ನು ಆಚರಿಸಿ ದೇಹ ಕೃಶವಾದಾಗ ಸಲ್ಲೇಖನವನ್ನು ಕೈಗೊಂಡನು, ಅವಧಿಜ್ಞಾನವೂ ಉಂಟಾಯಿತು.

ಭಿಕ್ಷೆಗೆಂದು ಆ ಕಡೆ ಬಂದಿದ್ದ ಗೌತಮ ಗಣಧರರು ಅವನನ್ನು ಕಾಣಲು ಬಂದರು. ಗೃಹಸ್ಥನಿಗೆ ಅಷ್ಟು ವಿಸ್ತಾರವಾದ ಅವಧಿಜ್ಞಾನ ಅಸಾಧ್ಯವೆಂದು ಭಾವಿಸಿ, ಪ್ರಾಯಶ್ಚಿತ್ತ ಮಾಡಿಕೊಳ್ಳುವಂತೆ ಸೂಚಿಸಿದರು. ಸತ್ಯವನ್ನಾಡಿದವನಿಗೂ ಪ್ರಾಯಶ್ಚಿತ್ತವುಂಟೆ ಎಂದು ಆನಂದನು ವಿನಯದಿಂದಲೇ ಕೇಳಿದನು. ಸಂದೇಹಗೊಂಡ ಗೌತಮರು ಭಗವಂತರ ಬಳಿಗೆ ಹಿಂದಿರುಗಿ ನಡೆದುದನ್ನು ಅರುಹಿದರು. ತಪ್ಪು ಗೌತಮರದೇ ಎಂದು ಭಗವಂತರು ತಿಳಿಸಿದರು. ಗಣಧರರು ಒಡನೆಯೇ ಮರಳಿ ಪೌಷಧಶಾಲೆಗೆ ನಡೆದುಬಂದು, ದರ್ಭೆಯ ಹಾಸಿನ ಮೇಲೆ ಮಲಗಿದ್ದ ಆ ವರ್ತಕನ ಕ್ಷಮೆ ಬೇಡಿದರು.