ವ್ಯಾಯಾಮಾಚಾರ್ಯ ಕೆ. ವಿ. ಅಯ್ಯರ್

ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಮುಂತಾದ ಊರುಗಳಲ್ಲಿ ಗರಡಿಮನೆಗೂ ಪೈಲವಾನರಿಗೂ ಹಿಂದಿನಿಂದ ಮನ್ನಣೆಯುಂಟು. ಆದರೆ ಮೈ ಬೆಳೆಸಿದವನಿಗೆ ವಿದ್ಯೆ ಒಲಿಯದೆಂಬ ಭಾವನೆಯೂ ಜನರಲ್ಲಿ ಇಲ್ಲದಿಲ್ಲ. ಅದು ಸುಳ್ಳೆಂದು ತಮ್ಮ ಬಾಳಿನಿಂದಲೇ ತೋರಿಸಿಕೊಟ್ಟ ಕನ್ನಡಿಗರು ಕೆ. ವಿ. ಅಯ್ಯರ್.

ಕೋಲಾರದ ವೆಂಕಟೇಶ ಅಯ್ಯರ್ ಅವರು ಜನಿಸಿದುದು 19ನೆಯ ಶತಮಾನದ ಕೊನೆಯ ವರ್ಷಗಳಲ್ಲಿ. ಯೂಜಿನ್ ಸ್ಯಾಂಡೋನಂತಹ ಪಾಶ್ಚಾತ್ಯ ಅಂಗಸಾಧಕರ ಕೀರ್ತಿ ಆಗ ನಮ್ಮ ನಾಡಿಗೂ ಹಬ್ಬಿತ್ತು. ಅಯ್ಯರ್ ಅವರು ಆ ಹೊಸ ವಿಧಾನವನ್ನು ಕಲಿತರೂ ನಮ್ಮ ಸೂರ್ಯನಮಸ್ಕಾರವನ್ನೂ ಯೋಗಾಸನಗಳನ್ನೂ ಬಿಡಲಿಲ್ಲ. ಎರಡನ್ನೂ ಕೂಡಿಸಿ ಕಲಿಸಿದರು. ಬೆಂಗಳೂರಿನಲ್ಲಿ ಅವರು ತೆರೆದ ಹರ್ಕ್ಯುಲಿಸ್ ವ್ಯಾಯಾಮಶಾಲೆ ಹೆಸರುವಾಸಿಯಾಯಿತು. ಅವರ ಸುಪುಷ್ಟ ದೇಹದ ಚಿತ್ರಗಳು ವಿದೇಶದ ಪತ್ರಿಕೆಗಳಲ್ಲಿ ಅಚ್ಚಾದುವು. ದೂರದವರಿಗೆ ಅವರು ಅಂಚೆಯ ಮೂಲಕವೇ ಪಾಠ ಹೇಳಿದರು. 1930ರಲ್ಲಿ ಮಾಂಸಖಂಡಗಳ ಸಾಧನೆಯನ್ನು ಕುರಿತು, 1937ರಲ್ಲಿ ಸೂರ್ಯನಮಸ್ಕಾರವನ್ನು ಕುರಿತು ಇಂಗ್ಲಿಷಿನಲ್ಲಿ ಗ್ರಂಥಗಳನ್ನು ಪ್ರಕಟಿಸಿದರು.

ಇಷ್ಟೇ ಆಗಿದ್ದರೆ ಅವರು ಒಬ್ಬ ಒಳ್ಳೆಯ ವ್ಯಾಯಾಮಗುರುವೆಂದು ಮಾತ್ರ ನೆನಪಿನಲ್ಲಿ ಉಳಿಯುತ್ತಿದ್ದರು. ಆದರೆ ಅಂಗಸಾಧನೆಯ ಅಂಗಳದಾಚೆಗೆ ಅವರಿಗೆ ಇನ್ನೊಂದು ಬಾಳಿತ್ತು. ನಾಟಕಕಾರ ಟಿ. ಪಿ. ಕೈಲಾಸಂ ಅವರ ಆಪ್ತಮಿತ್ರರು. ಕೈಲಾಸಂ ನಾಟಕಗಳನ್ನು ಬಾಯಲ್ಲಿ ಹೇಳುತ್ತ ಹೋಗುವರು. ಬರೆದಿಡಲು ಸ್ನೇಹಿತರೇ ಬೇಕು. ಮನೆಮಠದ ಚಿಂತೆಯಿಲ್ಲದ ಅಂತಹ ಪ್ರತಿಭಾವಂತನಿಗೆ ಅಯ್ಯರ್ ಅವರ ಸ್ನೇಹ ದೊಡ್ಡ ಆಸರೆಯಾಯಿತು. ಕೈಲಾಸಂ 1946ರಲ್ಲಿ ತೀರಿಕೊಂಡರು. ರಂಗಭೂಮಿಯ ಮೇಲೆ ಅಯ್ಯರ್ ಅವರಿಗಿದ್ದ ಒಲವು ಬತ್ತಲಿಲ್ಲ; ರವಿ ಕಲಾವಿದರು ಎಂಬ ಹವ್ಯಾಸಿ ನಾಟಕ ತಂಡವನ್ನು ಅವರು ಬೆಳೆಸಿದರು.

ಮಧ್ಯವಯಸ್ಸು ದಾಟಿದ ಮೇಲೆ ಅವರು ಕಾದಂಬರಿಕಾರರಾಗಿ ಪ್ರಸಿದ್ಧರಾದರು. ಹೊಯ್ಸಳ ರಾಣಿಯ ಪ್ರೇಮವನ್ನೂ ತ್ಯಾಗವನ್ನೂ ಚಿತ್ರಿಸುವ 'ಶಾಂತಲಾ' ಮನೆಮಾತಾಯಿತು. 'ರೂಪದರ್ಶಿ'ಯಲ್ಲಿ ಒಬ್ಬ ಚಿತ್ರಕಾರನು ಬಾಲಯೇಸುವಿನ ಚಿತ್ರಕ್ಕಾಗಿ ಚೆಲುವಾದ ಮಗುವೊಂದನ್ನು ಆರಿಸಿಕೊಳ್ಳುತ್ತಾನೆ. ಹಲವು ವರ್ಷಗಳ ಮೇಲೆ, ಯೇಸುವಿಗೆ ದ್ರೋಹ ಬಗೆದ ಜೂದಾಸನ ಚಿತ್ರಕ್ಕಾಗಿ ಕ್ರೂರವಾದ ಮುಖವೊಂದನ್ನು ಅರಸುತ್ತಾನೆ. ಸಿಕ್ಕಿದವನು ಅದೇ ಮಗು! ಬದುಕಿನ ಕಹಿ ಆ ಮುಖವನ್ನು ಅಷ್ಟು ಕೆಡಿಸಿಬಿಟ್ಟಿದೆ.

ಈ ಕಥೆಯನ್ನು ಬರೆದವರು ದೇಹಸೌಂದರ್ಯವನ್ನೇ ವ್ರತವಾಗಿ ಸಾಧಿಸಿದವರು ಎಂಬುದನ್ನು ಮರೆಯಬಾರದು. ತೋಳಿನ ಬಲವನ್ನು ವ್ಯಾಯಾಮ ಕೊಡಬಲ್ಲದು. ಮುಖದ ಕಳೆಯನ್ನು ಕಾಯುವುದು ಒಳಗಿನ ಮನಸ್ಸು. ಅಯ್ಯರ್ 1980ರಲ್ಲಿ ತೀರಿಕೊಂಡರು. ದಂಡೆ ಹೊಡೆದ ಕೈಯೇ ಲೇಖನಿಯನ್ನೂ ಹಿಡಿಯಬಲ್ಲದೆಂಬುದಕ್ಕೆ ಅವರ ಬಾಳು ಸಾಕ್ಷಿಯಾಗಿ ಉಳಿದಿದೆ.